ನೇಕಾರ ಕಾಲೋನಿಯ ಒಬ್ಬಳೇ ವಿದ್ಯಾರ್ಥಿನಿ

“ಹಂಗಾರ ಆಕೀನ ಒಂದೀಟು ಎಬ್ಬಿಸಿ ನಿಂದ್ರಸ್ರಲ್ಲ ಅಕ್ಕೋರ, ನಾನೂ ಕಣ್ತುಂಬ ನೋಡ್ಕೋತೀನಿ. ಇಡೀ ಜಿಲ್ಲಾಕ್ಕ ಶ್ಯಾಣ್ಯಾಕಿ ಅಂತ ಮ್ಯಾಲಿನೋರು ದಿನಾ ಆಕೀ ಹೆಸರು ಜಪಾ ಮಾಡಾಕತ್ತಾರ!”

ಸುತ್ತಲಿನ ಶಾಲೆಗಳ ಮೇಲ್ವಿಚಾರಣೆಯ ಕ್ಲಸ್ಟರಿನ ರಾಚಪ್ಪ ಸರ್ ಬಾಗಿಲಲ್ಲೇ ನಿಂತು, ಹೆಲ್ಮೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು, ಇಷ್ಟನ್ನೂ ಕೂಗಿ ಹೇಳಿದರು. ಕೂಗದೆ ವಿಧಿಯಿಲ್ಲ. ಹಿರೇಗುಡ್ಡದ ನೇಕಾರ ಕಾಲೋನಿಯ ಒಂದೇ ಕೋಣೆಯ ಸರ್ಕಾರಿ ಶಾಲೆಗೆ ಮೂರು ಕಡೆ ಪವರ್‌ಲೂಮ್ ಶೆಡ್ಡುಗಳು, ಇನ್ನೊಂದು ಕಡೆ ರಸ್ತೆ. ಬೆಳಗಾದರೆ ಖಟಕ್ ಖಟಕ್ ಶುರುವಾಗುತ್ತದೆ. ಹೊಸಬರು ಕಿವಿ ಮುಚ್ಚಿಕೊಳ್ಳುತ್ತಾರೆ. ಹಳಬರಿಗೆ ಆ ಸದ್ದು ನಿಂತರೇ ಎದೆ ಧಸಕ್ಕೆನ್ನುತ್ತದೆ.

“ಯಾರ್ನ ಎಬ್ಬಿಸ್ಲಿ ಸರ್?” ಕುಸುಮಾ ಟೀಚರ್ ಸೀಮೆಸುಣ್ಣದ ಕೈ ಕೊಡವಿಕೊಂಡಳು.

“ಯಾರ್ನ ಅಂದ್ರ? ಆರೋಹೀನ್ರಿ!”

ಆಕೆ ಮಕ್ಕಳ ಕಡೆ ತಿರುಗುವಷ್ಟರಲ್ಲಿ ಇಡೀ ತರಗತಿ ಎದ್ದು ನಿಂತಿತ್ತು. “ನಮಸ್ಕಾರ್ರೀ ಸರ್!”

ಅದು ಮಕ್ಕಳು ಒಟ್ಟಿಗೆ ಕೂಗಿದ ಹಾಗಿರಲಿಲ್ಲ. ಒಟ್ಟಿಗೆ ಕೂಗುವ ಮಕ್ಕಳಲ್ಲಿ ಒಂದು ಮುಂದೆ ಓಡುತ್ತದೆ, ಒಂದು ಹಿಂದೆ ಎಳೆಯುತ್ತದೆ. ಇದು ಹಾಗಲ್ಲ, ಒಂದೇ ದೊಡ್ಡ ಗಂಟಲಿನಿಂದ, ಮಗ್ಗದ ಎರಡು ಏಟುಗಳ ನಡುವಿನ ಸಂದಿಯಲ್ಲಿ ಸರಿಯಾಗಿ ಕೂತು ಬಂದ ಮಾತು. ಸೂರಿನಿಂದ ಇಳಿಬಿಟ್ಟ ಕಪ್ಪು ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಹಸಿರು ಚುಕ್ಕೆ ಮಿಣ್ಣಗೆ ಹೊಳೆಯಿತು. ಒಂದೇ ಒಂದು.

“ಇಕೀನ ನೋಡ್ರಿ ಸರ್ ಆರೋಹಿ,” ಅಂದಳು ಕುಸುಮಾ.

ರಾಚಪ್ಪ ಸರ್ ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಅವರು ಬಂದದ್ದು ನಗುವುದಕ್ಕಲ್ಲ.

ಈ ಪೆಟ್ಟಿಗೆಯ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಿಂದಿನ ವರ್ಷ ಶಿಕ್ಷಕರಿಗೆಲ್ಲ ಒಂದು ತರಬೇತಿ ಆಯಿತು. ತರಗತಿಯಲ್ಲಿ ಬಳಸಿ ನೋಡಬಹುದಾದ ಆನ್‌ಲೈನ್ ಸಾಧನಗಳು, ನಿಮಗೆ ಬೇಕಾದ್ದು ನೀವೇ ಆರಿಸಿಕೊಳ್ಳಿ ಅಂದರು. ಪಾಠವನ್ನು ನಾಟಕ ಮಾಡಿ ತೋರಿಸುವುದಿತ್ತು, ಲೆಕ್ಕವನ್ನು ಆಟ ಮಾಡುವುದಿತ್ತು, ನಕ್ಷೆಯ ಮೇಲೆ ನದಿ ಹರಿಸುವುದಿತ್ತು. ಉಳಿದವರೆಲ್ಲ ಬಣ್ಣಬಣ್ಣದ್ದಕ್ಕೆ ಮುಗಿಬಿದ್ದರೆ ಕುಸುಮಾ ಮೂಲೆಯಲ್ಲಿದ್ದ ‘ಆಲಿಸು’ ಅನ್ನುವುದನ್ನು ಆರಿಸಿಕೊಂಡಳು. ಪ್ರತಿ ಮಗುವಿನ ದನಿಯನ್ನೂ ಅದು ಬೇರೆಬೇರೆಯಾಗಿ ಗುರುತಿಸುತ್ತದಂತೆ. ಯಾವ ಮಗುವಿಗೆ ಏನು ಬರುತ್ತದೆ, ಎಲ್ಲಿ ತೊಡರುತ್ತದೆ ಎಂದು ಕೇಳಿ ಕೇಳಿಯೇ ತಿಳಿದು ನಾಳೆಯ ಪಾಠವನ್ನು ಗೋಡೆಯ ಡಿಜಿಟಲ್ ಬೋರ್ಡಿನ ಮೇಲೆ ತಾನೇ ತೆರೆಯುತ್ತದಂತೆ. ಈ ಗದ್ದಲದಲ್ಲಿ ನನ್ನ ಮಕ್ಕಳ ಮಾತನ್ನು ಯಾರಾದರೂ ಒಬ್ಬೊಬ್ಬರದಾಗಿ ಕೇಳಲಿ, ಅಷ್ಟೇ ಆಕೆಯ ಆಸೆ.

ಪೆಟ್ಟಿಗೆ ಕೇಳಿತು. ಒಂದು ವಾರ ಕಿವಿಗೊಟ್ಟು ಕೇಳಿ ತೀರ್ಮಾನಕ್ಕೆ ಬಂತು: ಈ ತರಗತಿಯಲ್ಲಿ ಒಬ್ಬಳೇ ವಿದ್ಯಾರ್ಥಿನಿ ಇದ್ದಾಳೆ. ಹೆಸರು ತಿಳಿಯದ ದನಿಗಳಿಗೆ ಅದು ತನ್ನಲ್ಲಿರುವ ಹೆಸರುಗಳಿಂದ ಒಂದನ್ನು ತಾತ್ಕಾಲಿಕವಾಗಿ ಅಂಟಿಸುತ್ತಿತ್ತು. ಬೋರ್ಡಿನ ಮೇಲೆ ‘ಆರೋಹಿ’ ಎಂದು ಮೂಡಿದಾಗ ಮಕ್ಕಳು ಬಿದ್ದುಬಿದ್ದು ನಕ್ಕಿದ್ದವು. ದ್ಯಾಮವ್ವ, ಅಲ್ತಾಫ, ದಾನೇಶ್ವರಿ, ಸಂಕಪ್ಪ ಅನ್ನುವ ಹೆಸರುಗಳ ನಡುವೆ ಆರೋಹಿ! “ಯಾರ್ರೀ ಅಕ್ಕೋರ ಈಕಿ, ಟಿವ್ಯಾಗಿನಾಕಿ?” ಎಂದು ಅಲ್ತಾಫ ಕೇಳಿದ್ದ. ಕುಸುಮಾ ಕೂಡ ನಕ್ಕು, ನಾಳೆ ಸರಿಹೋಗುತ್ತದೆ ಅಂದುಕೊಂಡಿದ್ದಳು.

ಸರಿಹೋಗಲಿಲ್ಲ. ಬದಲಿಗೆ ಆರೋಹಿ ಬೆಳೆದಳು. ಮಗ್ಗಿ ಅಲ್ತಾಫನಿಗೆ ಬಂದರೆ ಆರೋಹಿಗೆ ಬಂತು. ಪದ್ಯ ದ್ಯಾಮವ್ವನಿಗೆ ಬಂದರೆ ಆರೋಹಿಗೆ ಬಂತು. ಯಾವನೋ ಒಬ್ಬನಿಗೆ ಗೊತ್ತಿದ್ದದ್ದು ಅವನ ತುಟಿ ಅಲುಗಿದೊಡನೆ ಎಲ್ಲರ ಬಾಯಲ್ಲೂ ಬರುತ್ತಿತ್ತು. ನಾಲ್ಕನೆಯದೇ ಕೊನೆಯಾದ ಆ ಶಾಲೆಯ ಬೋರ್ಡಿನಲ್ಲಿ ದೀಪಾವಳಿಗೆ ಆರನೆಯದರ ಪಾಠ ತೆರೆದುಕೊಂಡಿತು, ಸಂಕ್ರಾಂತಿಯ ಹೊತ್ತಿಗೆ ಎಂಟನೆಯದು. ಬೇರೆ ಪಾಠ ತೆರೆಯಲು ಬಾರದು. ಟೀಚರು ತಾನಾಗಿ ಬೇರೆ ಮಾತಾಡಿದರೆ, ಆಕೆಯ ದನಿಯನ್ನು ಮೊದಲೇ ಅದಕ್ಕೆ ತುಂಬಿದ್ದರಿಂದ, ಪೆಟ್ಟಿಗೆ ಅದನ್ನೂ ಕೇಳಿಸಿಕೊಂಡು ‘ಪಾಠದಿಂದ ಹೊರಗೆ’ ಎಂದು ಮೇಲಕ್ಕೆ ಕಳಿಸುತ್ತದೆ.

“ಈಗ ವಿಷಯಕ್ಕ ಬರ್ತೀನ್ರಿ,” ಅಂದರು ರಾಚಪ್ಪ ಸರ್. “ಒಬ್ಬs ವಿದ್ಯಾರ್ಥಿ ಇರೋ ಸಾಲಿಗಳನ್ನೆಲ್ಲ ಮುಚ್ಚಿ ಬ್ಯಾರೆದಕ್ಕ ಸೇರಸ್ತಾರಂತ. ಈ ಪರೀಕ್ಷಾ ಮುಗದಕೂಡ್ಲೆ. ನಿಮ್ಮದೂ ಐತಿ ಅದ್ರಾಗ.”

“ಒಬ್ಬ ವಿದ್ಯಾರ್ಥಿ? ಸರ್, ನೀವು ಈಗ ಒಳಗ ಬಂದ್ರಲ್ಲ. ಕಾಣಸೂದಿಲ್ಲೇನು ಇಷ್ಟೂ ಮಂದಿ?”

“ಕಾಣಸ್ತಾರ್ರೀ, ಕಣ್ಣಿಗೆ ಯಾಕ ಕಾಣಸಂಗಿಲ್ಲ? ಕಣ್ಣಿಗೆ ಕಂಡದ್ದು ಬರಿಯಾಕ ನಮಗೇನು ಜಾಗಾ ಇಟ್ಟಾರ? ಹಿಂದ ನಮ್ಮೋರs ಸುಳ್ಳ ಹಾಜರಿ ಹಾಕಿ ಹಾಕಿ, ಸತ್ತೋರ್ನೂ ಬಿಸಿಯೂಟಕ್ಕ ಕುಂದ್ರಿಸಿದ್ರು. ಅದಕ್ಕs ಈಗ ಮನಶ್ಯಾರ ಮಾತು ನಡಿಯಂಗಿಲ್ಲ. ಈಗ ಎಲ್ಲಾ ಸಾಲಿಗೂ ಇದನ್ನs ಕಡ್ಡಾಯ ಮಾಡ್ಯಾರ, ಪೆಟಗಿ ಕೇಳಿದ್ದಷ್ಟs ಖರೆ. ಅದು ಇನ್ನೊಂದು ದನಿ ಕೇಳಿದ್ರ ಸಾಕು. ಒಂದಕ್ಕ ಎರಡಾದ್ರ ಸಾಕು, ನಿಮ್ಮ ಸಾಲಿ ಉಳೀತು.”

“ಮತ್ತ ಈ ಮಕ್ಳು?”

“ಆರೋಹಿಗೆ ಜಿಲ್ಲಾದಾಗ ಮಾದರಿ ವಸತಿ ಸಾಲ್ಯಾಗ ಸೀಟು ಕೊಡ್ತಾರಂತ,” ಎಂದರು ರಾಚಪ್ಪ ಸರ್, ಹೆಲ್ಮೆಟ್ಟಿನೊಳಗೆ ನೋಡುತ್ತ. “ಉಳದೋರು ಹೈವೇ ಆಚಿಗಿನ ಸಾಲಿಗೆ.”

ಹೈವೇ ಆಚೆಗೆ ಯಾವ ತಾಯಿಯೂ ಮಗುವನ್ನು ಕಳಿಸುವುದಿಲ್ಲ ಎಂಬುದು ಅಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಹುಡುಗಿಯರು ಕಂಡಿಕೆ ಸುತ್ತಲು ಕೂರುತ್ತಾರೆ. ನೂಲು ಸುತ್ತುವ ಆ ರಾಟೆಯ ಮುಂದೆ ಒಮ್ಮೆ ಕೂತವರು ಮತ್ತೆ ಎದ್ದದ್ದನ್ನು ಕಾಲೋನಿ ಕಂಡಿಲ್ಲ.

*

“ಇದು ಒಂದೇ ಬಾಯಿ ಮೇಡಂ. ನೀವೇ ನೋಡ್ರಿ.”

ಜಿಲ್ಲಾ ಕೇಂದ್ರದಲ್ಲಿ ‘ಆಲಿಸು’ವಿನ ನಿಯಂತ್ರಣ ಕೊಠಡಿ. ಗೋಡೆ ತುಂಬ ಪರದೆಗಳು, ಒಂದೊಂದರಲ್ಲೂ ಒಂದೊಂದು ಶಾಲೆ. ಅಲ್ಲಿ ಕೂತಿದ್ದ ತಂತ್ರಜ್ಞ ಕೊಟ್ರೇಶ ಕುಸುಮಾಳ ತರಗತಿಯ ಸದ್ದನ್ನು ಗೆರೆಯಾಗಿಸಿ ತೋರಿಸಿದ. ಬೇರೆ ಶಾಲೆಗಳ ಗೆರೆ ಕೆದರಿದ ಕೂದಲಿನ ಹಾಗಿತ್ತು. ಇದು ಬಾಚಿ ಹೆಣೆದ ಜಡೆ.

“ಇಷ್ಟು ಮಂದಿ ಒಂದೇ ಉಸಿರಿನಾಗ ಹೇಳೋದು ನಾನು ಎಲ್ಲೂ ನೋಡಿಲ್ಲ ಮೇಡಂ. ನಮ್ಮ ಭಜನಿ ಮಂಡಳಿಯೋರಿಗೂ ಸಾಧ್ಯ ಇಲ್ಲ. ಹ್ಯಾಂಗ ಕಲಿಸಿದ್ರಿ?”

“ನಾ ಏನೂ ಕಲಿಸಿಲ್ಲಪಾ. ಅವು ತೊಟ್ಲದಾಗ ಕಲ್ತಾವ.”

ಅದು ನಿಜ. ಮಗ್ಗದ ಮನೆಯಲ್ಲಿ ಒಬ್ಬರ ದನಿ ಯಾರಿಗೂ ಕೇಳುವುದಿಲ್ಲ. ಹಾಗಾಗಿ ದೊಡ್ಡವರು ತುಟಿಯಲ್ಲೇ ಮಾತಾಡುತ್ತಾರೆ. ಸದ್ದಿಲ್ಲದೆ ಬಾಯಾಡಿಸಿ, ಕೈ ತಿರುವಿ, ಹುಬ್ಬು ಏರಿಸಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಬೀಗರ ಸುದ್ದಿ, ಸೊಸೆಯ ದೂರು ಎಲ್ಲ ದಾಟಿಸುತ್ತಾರೆ. ಕೂಗಲೇಬೇಕಾದಾಗ ಮಾತ್ರ ಎಲ್ಲರೂ ಸೇರಿ ಏಟಿನ ಸಂದಿಯಲ್ಲಿ ಕೂಗುತ್ತಾರೆ. ಮಕ್ಕಳು ನೋಡುವುದು ಇದನ್ನೇ. ಪಕ್ಕದವನ ತುಟಿ ಏಳುತ್ತಿದ್ದ ಹಾಗೇ ಇವರದೂ ಏಳುತ್ತದೆ. ಒಬ್ಬರನ್ನು ಹಿಂದೆ ಬಿಟ್ಟು ಮಾತಾಡುವುದು ಅಲ್ಲಿ ಗೊತ್ತೇ ಇಲ್ಲ.

“ಒಬ್ಬೊಬ್ಬರನ್ನ ಎಬ್ಬಿಸಿ ಮಾತಾಡ್ಸಿದೆ. ಅದು ಕೇಳಂಗಿಲ್ಲ.”

“ಕೇಳಲ್ಲ ಮೇಡಂ. ಮಗ್ಗದ ಸದ್ದನ್ನ ಬ್ಯಾರೆ ಮಾಡಿ ಬಿಸಾಕೋದನ್ನ ಅದು ತಾನೇ ಕಲ್ತುಕೊಂಡೈತಿ. ಒಂಟಿ ದನಿ ಆ ಸದ್ದಿನ ಜೊತಿಗೇ ಹೋಗಿಬಿಡ್ತೈತಿ. ಹೊರಗಿನ ಸದ್ದು ಅಂತ ತಿಳ್ಕೊಂಡೈತಿ.”

“ಎಲ್ಲಾರೂ ಬ್ಯಾರೆಬ್ಯಾರೆ ಮಾತಾಡಿದ್ರ?”

“ಗದ್ದಲ ಅಂತ ತಿಳಿತೈತಿ.”

“ನೀವು ಕೈಯಾಗ ಹೆಸರು ಸೇರಸ್ರಲ್ಲ?”

ಕೊಟ್ರೇಶ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಸೇರಿಸಿದ್ರ ಬೋಗಸ್ ಅಂತ ತಾನೇ ಬೀಗ ಹಾಕ್ಕೊಂತೈತಿ. ಅಳಿಸಿ ಹೊಸದಾಗಿ ಶುರು ಮಾಡಿದ್ರ ಈ ವರ್ಷದ ಹಾಜರಾತಿ ಪೂರಾ ಸೊನ್ನೆ. ಒಬ್ಬ ವಿದ್ಯಾರ್ಥಿ ಇರೋ ಸಾಲಿಗಾದ್ರೂ ಪರೀಕ್ಷೆ ಮುಗಿಯೋಮಟ ಟೈಮ್ ಕೊಡ್ತಾರ. ಸೊನ್ನೆ ಇದ್ರ ಮರುದಿನಾನೇ ಬೀಗ.”

“ಹಂಗಾರ ಏನ್ ಮಾಡ್ಲಿ?”

ಅವನು ಆ ಜಡೆಯಂಥ ಗೆರೆಯ ಮೇಲೆ ಬೆರಳಾಡಿಸಿದ. “ಒಂದು ದಾರಿ ಐತಿ. ಆರೋಹಿ ಪಾಠದ ಮಾತು ಹೇಳಿ ಮುಗಿಸಿದಕೂಡ್ಲೆ, ಅದೇ ಮಾತನ್ನ ಮುಂದಿನ ಸಂದಿಯಾಗ ಇನ್ನೊಬ್ಬರು ತಮ್ಮ ಪಾಡಿಗೆ ಹೇಳಬೇಕು. ಪಾಠದ ಅದೇ ಮಾತು ಕೂಡ್ಲೆ ಇನ್ನೊಮ್ಮೆ ಬಂದ್ರ ಅದನ್ನ ಹೊರಗಿನ ಸದ್ದು ಅಂತ ಬಿಸಾಕಂಗಿಲ್ಲ. ಆರೋಹಿ ಒಂದು ಮಾತನ್ನ ಎರಡು ಸಲ ಯಾವತ್ತೂ ಹೇಳಿಲ್ಲ. ಆಗ ಅದಕ್ಕ ಅನುಮಾನ ಬರ್ತೈತಿ, ಇದು ಯಾರೋ ಬ್ಯಾರೆ ಹುಡುಗರು ಅಂತ. ಒಬ್ಬರು ಹಿಂದ ಉಳಿದ್ರ ಸಾಕು ಮೇಡಂ.”

“ಇಷ್ಟೇ ಏನು!” ಕುಸುಮಾ ಚೀಲ ಹೆಗಲಿಗೇರಿಸಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಕೆಯ ಮುಖದ ಮೇಲೆ ನಗು ಇತ್ತು.

ಮರುದಿನ ಆ ನಗು ಇಳಿಯಿತು.

“ಸಂಕಪ್ಪ, ನೀ ಎಲ್ಲಾರ ಹಿಂದ ಹೇಳು. ಅವರು ‘ಗುರುತ್ವ’ ಅಂದ ಮ್ಯಾಲ ನೀ ‘ಗುರುತ್ವ’ ಅನ್ನು. ತಿಳೀತಿಲ್ಲೋ?”

“ತಿಳೀತ್ರಿ ಅಕ್ಕೋರ.”

ಸಂಕಪ್ಪ ತಡೆದ. ಅವನ ತುಟಿ ಏಳದ್ದನ್ನು ಕಂಡು ಎಲ್ಲರೂ ತಡೆದರು. ಸಂಕಪ್ಪ ಬಾಯಿಬಿಟ್ಟಾಗ ಎಲ್ಲರೂ ಬಿಟ್ಟರು. “ಗುರುತ್ವ!” ಒಂದೇ ಗಂಟಲು, ಒಂದು ಏಟು ತಡವಾಗಿ. ಹಸಿರು ಚುಕ್ಕೆ ಒಂದೇ.

“ಅವನ್ನ ಬಿಟ್ಟು ಹೇಳ್ರೋ ಅಂದ್ರ!”

“ಬಿಟ್ಟು ಹ್ಯಾಂಗ ಹೇಳೂದ್ರಿ?” ಅಂದ ಅಲ್ತಾಫ. ಕೊಂಕಿನ ಮಾತಲ್ಲ, ನಿಜವಾಗಿ ಕೇಳಿದ್ದ. “ಅವ ಹಿಂದ ಉಳೀತಾನಲ್ರಿ.”

ಎರಡು ಗುಂಪು ಮಾಡಿದಳು. ಮೂರನೇ ಪದಕ್ಕೆ ಎರಡೂ ಕೂಡಿಕೊಂಡವು. ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ತುಟಿ ಕಾಣದಿದ್ದರೇನು, ಬಾಯಿಪಾಠ ಇದ್ದೇ ಇತ್ತು, ಮಗ್ಗ ತಾಳ ಹಾಕುತ್ತಲೇ ಇತ್ತು. ಸಂಜೆಯ ಹೊತ್ತಿಗೆ ಆಕೆಗೇ ಅನ್ನಿಸತೊಡಗಿತು, ತಾನು ತರಗತಿಯಲ್ಲಿಲ್ಲ, ಯಾರದೋ ದೊಡ್ಡ ಬಾಯೊಳಗೆ ಕೂತಿದ್ದೇನೆ ಎಂದು.

*

ದಾನೇಶ್ವರಿಯ ಮನೆಯೆಂದರೆ ಎರಡು ಮಗ್ಗ ಮತ್ತು ಅವುಗಳ ನಡುವೆ ಉಳಿದ ಜಾಗ. ದಾನಿಯ ತಾಯಿ ನೀಲವ್ವ ಎರಡು ಮಗ್ಗಗಳ ಮಧ್ಯೆ ನಿಂತು, ಒಂದು ಕಣ್ಣು ಆ ಕಡೆ ಒಂದು ಕಣ್ಣು ಈ ಕಡೆ ಇಟ್ಟು, ತುಟಿಯಲ್ಲೇ ಕೇಳಿದಳು: ‘ಚಾ ಕುಡೀತೀರಿ?’

ಕುಸುಮಾ ಈ ಕಾಲೋನಿಯ ಸೊಸೆಯಲ್ಲ, ಮಗಳೂ ಅಲ್ಲ. ಆದರೆ ಬಂದ ಹೊಸದರಲ್ಲೇ ಈ ಮಾತು ಕಲಿತಿದ್ದಳು. ತುಟಿಯಲ್ಲೇ ‘ಬ್ಯಾಡ’ ಅಂದಳು. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಕೂಡುತ್ತದೆ. ಹಾಗಾಗಿ ಇಲ್ಲಿಯವರು ಮ ಅನ್ನುವಾಗ ಮೂಗು ಮುಟ್ಟಿಕೊಳ್ಳುತ್ತಾರೆ, ಬ ಅನ್ನುವಾಗ ಕೆನ್ನೆ. ಕುಸುಮಾ ಕೆನ್ನೆ ಮುಟ್ಟಿಕೊಂಡಳು.

ಆಕೆ ಕೇಳಲು ಬಂದದ್ದು ಒಂದೇ: ಪರೀಕ್ಷೆಯ ದಿನ ಶಾಲೆಯ ಸುತ್ತಲಿನ ಮಗ್ಗಗಳನ್ನು ಒಂದಿಷ್ಟು ಹೊತ್ತು ನಿಲ್ಲಿಸಬಹುದೇ?

‘ಮಗ್ಗ ನಿಂದ್ರಿಸಿದ್ರ ಮಾಲಕರು ನಮ್ಮನ್ನ ನಿಂದ್ರಸ್ತಾರ,’ ಅಂದಳು ನೀಲವ್ವ. ‘ಒಂದು ಶೆಡ್ಡಲ್ರಿ, ಎಷ್ಟು ಶೆಡ್ಡಿಗೆ ಹೋಗಿ ಕೈ ಮುಗೀತೀರಿ? ಕರೆಂಟ್ ಹೋದ್ರ ಎಲ್ಲಾ ನಿಂದರ್ತಾವ ನೋಡ್ರಿ.’

‘ಕರೆಂಟ್ ಹೋದ್ರ ನನ್ನ ಪೆಟಗೀನೂ ನಿಂದರ್ತೈತಿ. ಒಂದs ಲೈನ್.’

ನೀಲವ್ವ ಹರಿದ ಎಳೆಯೊಂದನ್ನು ಗಂಟು ಹಾಕಿ, ಲಾಳಿ ಮತ್ತೆ ಓಡಲು ಬಿಟ್ಟು, ಬೇರೆ ಮಾತು ತೆಗೆದಳು. ‘ನಮ್ಮ ದಾನಿ ಎಂಟನೆತ್ತಾದ್ದು ಓದಾಕತ್ತಾಳಂತ ಹೌದ್ರಿ? ಅವರಪ್ಪ ಊರೆಲ್ಲ ಹೇಳ್ಕೋಂತ ತಿರಗತಾನ.’

ದಾನಿ ಮೂಲೆಯಲ್ಲಿ ಕೂತು ಟೀಚರನ್ನೇ ನೋಡುತ್ತಿದ್ದಳು. ಅವಳಿಗೆ ಎಂಟನೆಯದಲ್ಲ, ಒಂದನೆಯದರ ಅಕ್ಷರವೂ ಓದಲು ಬರುವುದಿಲ್ಲ. ಅದು ಕುಸುಮಾಳಿಗೆ ಗೊತ್ತು, ದಾನಿಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ, ಆ ದೊಡ್ಡ ಗಂಟಲಿನೊಳಗೆ ಅವಳೂ ಎಲ್ಲರ ಹಾಗೆ ‘ಗುರುತ್ವ’ ಅನ್ನುತ್ತಿದ್ದಳು.

ಕುಸುಮಾ ನೀಲವ್ವನಿಗೆ ಹೂಂ ಅಂದಳು. ಹೊರಗೆ ಬಂದಾಗ ದಾನಿ ಹಿಂದೆಯೇ ಓಡಿ ಬಂದಳು.

“ಅಕ್ಕೋರ, ಆರೋಹಿ ಹೋಗಿಬಿಡ್ತಾಳೇನ್ರಿ?”

“ಹೋದ್ರ ಚೊಲೋ ಅಲ್ಲೇನ? ನಿಂದು ನಿಂಗs ಪಾಠ ಬರ್ತೈತಿ. ಅ, ಆ, ಇ, ಈ.”

ದಾನಿ ಲಂಗದ ಅಂಚನ್ನು ಬೆರಳಿಗೆ ಸುತ್ತಿದಳು. “ಬ್ಯಾಡ್ರಿ. ಆರೋಹಿ ಇದ್ರ ನಾನೂ ಶ್ಯಾಣ್ಯಾಕಿ ಇರ್ತೀನಿ. ಹೋದ್ರ ನಾ ಒಬ್ಬಾಕಿನs ದಡ್ಡಿ ಆಗ್ತೀನ್ರಿ. ಎಲ್ಲಾರಿಗೂ ಗೊತ್ತಾಗ್ತೈತಿ.”

ಕುಸುಮಾ ಅಲ್ಲೇ ಕಟ್ಟೆಯ ಮೇಲೆ ಕೂತು, ಸೀಮೆಸುಣ್ಣದ ಚೂರಿನಿಂದ ಕಲ್ಲಿನ ಮೇಲೆ ‘ಎ’ ಎಂದು ಬರೆದು, ಬಾಯಿ ಅಗಲಿಸಿ ತೋರಿಸಿದಳು. ಸದ್ದಿಲ್ಲದೆ. ದಾನಿ ಆ ಬಾಯಿಯನ್ನು ನೋಡಿದಳು, ಕಲ್ಲನ್ನು ನೋಡಿದಳು. ತಾನೂ ಬಾಯಿ ಅಗಲಿಸಿದಳು.

ಆಗ ಕುಸುಮಾಳಿಗೆ ಹೊಳೆಯಿತು. ಶಾಲೆಯಲ್ಲೂ ಹೀಗೇ ಮಾಡಬಹುದಲ್ಲ! ಸದ್ದಿಲ್ಲದ ಮಾತಿಗೆ ಪೆಟ್ಟಿಗೆಯ ಬಳಿ ಕಿವಿ ಇಲ್ಲ.

ಅಂದಿನಿಂದ ತರಗತಿಯಲ್ಲಿ ಎರಡು ಪಾಠ ನಡೆದವು. ಮೇಲೆ, ಬೋರ್ಡಿನಲ್ಲಿ, ಆರೋಹಿಗೆ ಬೆಳಕಿನ ವಕ್ರೀಭವನ. ಕೆಳಗೆ, ಸದ್ದಿಲ್ಲದೆ, ದಾನಿಗೆ ‘ಎಲೆ’. ದೊಡ್ಡ ಗಂಟಲು ಏನೇನೋ ಹೇಳುತ್ತಿರುವಾಗ ಕುಸುಮಾ ದಾನಿಯ ಪಕ್ಕ ಮಂಡಿಯೂರಿ, ಪಾಟಿಯ ಮೇಲೆ ಒಂದು ಅಕ್ಷರ ಬರೆದು ತುಟಿಯಾಡಿಸುವಳು. ದಾನಿ ಕೆನ್ನೆ ಮುಟ್ಟಿಕೊಂಡು ‘ಬ’, ಮೂಗು ಮುಟ್ಟಿಕೊಂಡು ‘ಮ’. ಅಕ್ಷರ ಬಂತು, ಕಾಗುಣಿತ ಬಂತು. ಒತ್ತಕ್ಷರಕ್ಕೆ ಬಂದಾಗ ಗಾಡಿ ನಿಂತಿತು. ಪೆಟ್ಟಿಗೆಯ ಕೆಳಗೇ ಕೂತು, ಅದಕ್ಕೆ ಗೊತ್ತಾಗದ ಹಾಗೆ ಕಲಿಯುವುದು ಹುಡುಗಿಗೆ ಕದ್ದ ಶೇಂಗಾದಷ್ಟು ರುಚಿಯಾಗಿತ್ತು.

ಆದರೆ ಅದರಿಂದ ಶಾಲೆ ಉಳಿಯುತ್ತದೆ ಎಂದು ಕುಸುಮಾ ಅಂದುಕೊಂಡಿರಲಿಲ್ಲ. ಮುಚ್ಚುವ ಮುಂಚೆ ಒಂದಾದರೂ ಮಗುವಿಗೆ ಓದಲು ಬರಲಿ, ಕಂಡಿಕೆ ಸುತ್ತುವಾಗ ನೂಲಿನ ಡಬ್ಬದ ಮೇಲಿನ ಹೆಸರನ್ನಾದರೂ ಓದಿಕೊಳ್ಳಲಿ ಎಂದಷ್ಟೇ ಇತ್ತು ಆಕೆಯ ಮನಸ್ಸಿನಲ್ಲಿ.

*

ಪರೀಕ್ಷೆಯ ದಿನ ಜಿಲ್ಲಾ ಶಿಕ್ಷಣ ಕಚೇರಿಯಿಂದ ಇಂದುಮತಿ ದೇಸಾಯಿ ಮೇಡಂ ಬಂದರು. ಜೊತೆಗೆ ರಾಚಪ್ಪ ಸರ್, ಕೈಯಲ್ಲಿ ಹಾರ. ಹಾರ ಯಾರ ಕೊರಳಿಗೆ ಎಂದು ಯಾರೂ ಕೇಳಲಿಲ್ಲ. ಪೆಟ್ಟಿಗೆಯೇ ಪ್ರಶ್ನೆ ಕೇಳುತ್ತದೆ, ಪೆಟ್ಟಿಗೆಯೇ ಅಂಕ ಕೊಡುತ್ತದೆ, ಮೇಡಂ ಸಾಕ್ಷಿಗೆ.

“ಈಕೀನೇ ಏನ್ರೀ?” ಎಂದರು ಮೇಡಂ, ಇಡೀ ತರಗತಿಯನ್ನು ಒಮ್ಮೆ ನೋಡಿ. ದನಿಯಲ್ಲಿ ಕುಚೋದ್ಯವಿತ್ತೋ ಸುಸ್ತಿತ್ತೋ ಹೇಳುವುದು ಕಷ್ಟ. ಇಂಥವನ್ನು ಅವರು ಬೇಕಾದಷ್ಟು ನೋಡಿರಬೇಕು.

“ಇಕೀನ್ರಿ,” ಅಂದಳು ಕುಸುಮಾ.

“ಶುರು ಮಾಡ್ಸ್ರಿ.”

ಮೊದಲ ಭಾಗ ನೀರಿನಂತೆ ಹರಿಯಿತು. ಪೆಟ್ಟಿಗೆ ಕೇಳಿತು, ಆರೋಹಿ ಹೇಳಿದಳು. ಭಿನ್ನರಾಶಿ, ನದಿಗಳು, ಗುರುತ್ವ. ಅಲ್ತಾಫನ ತುಟಿ, ದ್ಯಾಮವ್ವನ ತುಟಿ, ಇಡೀ ತರಗತಿಯ ಕಣ್ಣು ಒಂದರಿಂದ ಇನ್ನೊಂದಕ್ಕೆ ಲಾಳಿಯ ಹಾಗೆ ಓಡುತ್ತಿತ್ತು. ಹಸಿರು ಚುಕ್ಕೆ ಆರದೆ ಹೊಳೆಯಿತು. ಮೇಡಂ ಕೂಡ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಕುಸುಮಾ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಒಂದೊಂದು ಸರಿ ಉತ್ತರಕ್ಕೂ ಬಾಗಿಲ ಅಗಳಿ ಒಂದೊಂದೇ ಬೀಳುತ್ತಿರುವ ಹಾಗೆ ಆಕೆಗೆ ಕೇಳಿಸುತ್ತಿತ್ತು. ತಪ್ಪು ಹೇಳಿರೋ ಅನ್ನಬೇಕೆನ್ನಿಸಿತು. ತಪ್ಪು ಹೇಳಿದರೂ ಎಲ್ಲರೂ ಒಂದೇ ತಪ್ಪು ಹೇಳುತ್ತಾರೆ. ಆಗಲೂ ಆರೋಹಿ ಒಬ್ಬಳೇ.

ಕೊನೆಯದು ಗಟ್ಟಿ ಓದು. ಮೊದಲು ಕಾಣದ ವಾಕ್ಯವೊಂದು ಬೋರ್ಡಿನ ಮೇಲೆ ಮೂಡಿತು.

‘ಎಲೆ ಬಿಸಿಲನ್ನು ಆಹಾರವಾಗಿ ಬದಲಿಸುತ್ತದೆ.’

ಎಲ್ಲ ಕಣ್ಣುಗಳೂ ಅಲ್ತಾಫನ ಬಾಯಿಗೆ ತಿರುಗಿದವು. ಓದಲು ಬರುವವರ ಕಣ್ಣುಗಳೂ ಅಲ್ಲಿಗೇ ಹೋದವು; ವರ್ಷವಿಡೀ ಬೋರ್ಡು ನೋಡುವ ಅಗತ್ಯವೇ ಅವನ ಹೊರತು ಬೇರೆ ಯಾರಿಗೂ ಬಿದ್ದಿರಲಿಲ್ಲ. ಅಲ್ತಾಫ ಬಾಯಿಬಿಟ್ಟ. ಸಂದಿ ಬಂತು.

“ಎಲೆ ಬಿಸಿಲನ್ನು ಆಹಾರವಾಗಿ ಬದಲಿಸುತ್ತದೆ!”

ಖಟಕ್. ಮಗ್ಗದ ಏಟು ಬಿತ್ತು. ಮುಂದಿನ ಸಂದಿ ತೆರೆಯಿತು.

“ಎ… ಲೆ…”

ಸಣ್ಣ ದನಿ, ದಾರದಷ್ಟು ಸಣ್ಣದು.

ಕುಸುಮಾ ತಲೆಯೆತ್ತಿದಳು. ದಾನಿ ನಿಂತಲ್ಲೇ ನಿಂತಿದ್ದಳು, ಕಣ್ಣು ಅಲ್ತಾಫನ ಮೇಲಿಲ್ಲ, ಯಾರ ಮೇಲೂ ಇಲ್ಲ. ಬೋರ್ಡಿನ ಮೇಲೆ ನೆಟ್ಟಿತ್ತು. ಕುರಿ ಹಿಂಡಿನಲ್ಲಿ ತನ್ನದನ್ನು ಹುಡುಕುವವಳ ಹಾಗೆ ಒಂದೊಂದೇ ಅಕ್ಷರವನ್ನು ಹಿಡಿಯುತ್ತಿದ್ದಳು. ಉಳಿದವರು ಹೇಳಿ ಮುಗಿಸಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಖಟಕ್.

“ಬಿ…” ಕೈ ತಾನಾಗಿ ಕೆನ್ನೆಗೆ ಹೋಯಿತು. “ಸಿ… ಲ…”

ನಿಂತಳು. ಮುಂದೆ ಒತ್ತಕ್ಷರ.

ಅವಳು ಅತ್ತಿತ್ತ ನೋಡಿದಳು. ಎಲ್ಲರ ತುಟಿಗಳೂ ಮುಚ್ಚಿದ್ದವು. ಎಲ್ಲರೂ ತನ್ನನ್ನೇ ನೋಡುತ್ತಿದ್ದರು. ಎಲ್ಲಾರಿಗೂ ಗೊತ್ತಾಗ್ತೈತಿ ಅಂದಿದ್ದಳಲ್ಲ, ಈಗ ಗೊತ್ತಾಯಿತು.

“ಯಾರದು ನಡುವ ಬಾಯಿ ಹಾಕಿದ್ದು?” ದೇಸಾಯಿ ಮೇಡಂ ಎದ್ದು ನಿಂತರು. “ಇಡೀ ಜಿಲ್ಲೆಗೆ ಮೊದಲು ಬರೋ ಹುಡುಗಿ ಪರೀಕ್ಷೆ ಇದು! ಏನ್ ಟೀಚರ್ ನೀವು, ಓದಾಕ ಬರದ ಹುಡುಗೀನ ತಂದು ಇಲ್ಲಿ ನಿಲ್ಸೀರಿ?”

ಕುಸುಮಾ ದಾನಿಯನ್ನೇ ನೋಡುತ್ತ, ಸದ್ದಿಲ್ಲದೆ ತುಟಿಯಾಡಿಸಿದಳು: ‘ಮುಂದ ಓದು.’ ‘ಮ’ಕ್ಕೆ ಮೂಗು ಮುಟ್ಟಿಕೊಳ್ಳುವುದನ್ನೂ ಮರೆಯಲಿಲ್ಲ.

“ಮೇಡಂ,” ಎಂದರು ರಾಚಪ್ಪ ಸರ್. ಹಾರ ಹಿಡಿದ ಕೈಯನ್ನೇ ಮೇಲಕ್ಕೆತ್ತಿ ಸೂರಿನ ಕಡೆ ತೋರಿಸುತ್ತಿದ್ದರು. “ಮೇಡಂ, ಅಲ್ಲಿ ನೋಡ್ರಿ.”

ಕಪ್ಪು ಪೆಟ್ಟಿಗೆಯ ಹೊಟ್ಟೆಯಲ್ಲಿ, ಆ ಒಂದು ಚುಕ್ಕೆಯ ಪಕ್ಕ, ಇನ್ನೊಂದು ಮಿಣುಕಿತು. ಆರಿತು. ಮತ್ತೆ ಹೊತ್ತಿಕೊಂಡು ನಿಂತಿತು. ಬೋರ್ಡಿನ ಮೇಲಿನ ವಾಕ್ಯ ಅಳಿಸಿ ಬೇರೆ ಸಾಲು ಬಂತು.

‘ಹೊಸ ವಿದ್ಯಾರ್ಥಿ. ಮಟ್ಟ: ಒಂದನೇ ತರಗತಿ. ತಾತ್ಕಾಲಿಕ ಹೆಸರು: ಇಂಚರ.’

“ಎರಡಾತು,” ಅಂದರು ರಾಚಪ್ಪ ಸರ್, ಯಾರಿಗೂ ಅಲ್ಲದೆ. “ಎರಡಾತಲ್ರೀ ಮೇಡಂ.”

ದೇಸಾಯಿ ಮೇಡಂ ಬೋರ್ಡು ನೋಡಿದರು, ದಾನಿಯನ್ನು ನೋಡಿದರು, ಮತ್ತೆ ಬೋರ್ಡು ನೋಡಿದರು. “ಇಂಚರ ಅಂದ್ರ ಯಾರು? ನಿಂತಾಳಲ್ಲ, ಇಕೀನಾ?”

ವರ್ಷವಿಡೀ ಒಂದೇ ಗಂಟಲಲ್ಲಿ ಉತ್ತರ ಕೊಟ್ಟ ಮಕ್ಕಳು ಈಗ ಒಂದೇ ಮೌನದಲ್ಲಿ ನಿಂತಿದ್ದರು. ದಾನಿ ನಿಂತಲ್ಲಿಂದ ಹೊರಟು ಬೋರ್ಡಿನ ಹತ್ತಿರ ಬಂದಳು. ಕತ್ತೆತ್ತಿ ನೋಡಿದಳು. ಮೊದಲ ಅಕ್ಷರಕ್ಕೆ ತಡೆದಳು, ಎರಡನೆಯದನ್ನು ಹಿಡಿದಳು, ಮೂರನೆಯದಕ್ಕೆ ಕಷ್ಟವಾಗಲಿಲ್ಲ.

“ಇಂ… ಚ… ರ.”

“ನೀನಾ ಅದು?” ಎಂದರು ಮೇಡಂ.

“ನಾ ಅಲ್ರಿ.”

ಹೇಳಿ, ದಾನಿ ಸಮವಸ್ತ್ರದ ತೋಳನ್ನು ಅಂಗೈವರೆಗೆ ಎಳೆದುಕೊಂಡು, ಪಾಟಿ ಒರೆಸುವ ಹಾಗೆ ಆ ಹೆಸರನ್ನು ಒರೆಸಿದಳು. ಅದು ಅಳಿಯಲಿಲ್ಲ. ತೋಳಿನ ಅಂಚಿಗೆ ಒಂದಿಷ್ಟು ಎಂಜಲು ಹಚ್ಚಿಕೊಂಡು, ಮತ್ತೆ ಒರೆಸತೊಡಗಿದಳು.